ನಾಲ್ಕು ತೂತಿನ ಆಪರೇಷನ್

ಕೋಟನೂರಿನ ಆ ಓಣಿಯಲ್ಲಿ ಹೆಣ್ಣುಮಕ್ಕಳ ಬೇನೆಯನ್ನು ಅಳೆಯುವುದಕ್ಕೆ ಒಂದೇ ಅಳತೆ ಇತ್ತು: ಹೊಟ್ಟೆಯ ಮೇಲಿನ ಹೊಲಿಗೆ ಎಷ್ಟು ಉದ್ದ? ಜ್ವರ, ನಡುನೋವು, ತಲೆಸುತ್ತು ಇವೆಲ್ಲ ಲೆಕ್ಕಕ್ಕೇ ಇಲ್ಲ. ಆದರೆ ಗರ್ಭಚೀಲ ತೆಗೆಸಿ ಗೇಣುದ್ದ ಹೊಲಿಗೆ ಹಾಕಿಸಿಕೊಂಡು ಬಂದವಳಿಗೆ ಮೂರು ತಿಂಗಳು ತವರು ಎಂಬುದು ಯಾರೂ ಬರೆದಿಡದ ಕಾನೂನು. ಅಣ್ಣನೋ ತಮ್ಮನೋ ಜೀಪು ತರಬೇಕು, ಅತ್ತೆಯಾದವಳು ಬಾಯಿ ಮುಚ್ಚಿಕೊಂಡು ಕಳಿಸಬೇಕು. ಎದುರುಮನೆ ಮಾಸ್ತರರ ಹೆಂಡತಿ ಪಾರ್ವತೀಬಾಯಿ ಹಾಗೆ ಹೋಗಿ ಗಲ್ಲ ತುಂಬಿಕೊಂಡು ಬಂದಿದ್ದಳು. ಬಂದ ಮೇಲೂ ಒಂದು ತಿಂಗಳು, ಯಾರಾದರೂ ಕೆಲಸ ಹೇಳಿದರೆ ಸೀರೆ ಸರಿಸಿ ಹೊಲಿಗೆ ತೋರಿಸುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಭಾಗಪ್ಪನ ಹೆಂಡತಿ ದುಂಡಮ್ಮನಿಗೆ ಐವತ್ತಮೂರು. ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ, ಎರಡು ಸಾವಿರದ ಏಳರ ಬೇಸಿಗೆಯಲ್ಲಿ, ಮತ್ತೆ ರಕ್ತ ಕಾಣಿಸಿತು. ಸೊಸೆ ಯಮನಮ್ಮ ಅಂಗನವಾಡಿ ಟೀಚರು. ಇಂಥದನ್ನು ಹಾಗೇ ಬಿಡಬಾರದು ಎಂದು ಟ್ರೇನಿಂಗಿನಲ್ಲಿ ಕೇಳಿದ್ದವಳು, ಅತ್ತೆಯನ್ನು ಕೈಹಿಡಿದು ದವಾಖಾನೆಗೆ ಎಳೆದುಕೊಂಡು ಹೋದಳು. ಒಳಗಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಗರ್ಭಚೀಲದ ಕ್ಯಾನ್ಸರ್ ಎಂದು ರಿಪೋರ್ಟು ಬಂತು.

ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ ಎಂದು ಬರೆದರೆ ಸುಳ್ಳಾದೀತು. ಹಚ್ಚಿದರು. ಹಚ್ಚಿದವಳು ದುಂಡಮ್ಮನೇ. ಕಪನೂರಿನ ಮರೆಪ್ಪನ ಖಾನಾವಳಿಗೆ ದಿನಾ ಅರವತ್ತು ಜೋಳದ ರೊಟ್ಟಿ ಹೋಗಬೇಕು, ಮನೆಗೆ ಇಪ್ಪತ್ತು ಬೇಕು. ಭಾಗಪ್ಪ ಅಲ್ಲೇ ದಾಲ್ ಮಿಲ್ಲಿನಲ್ಲಿ ವಾಚ್‌ಮನ್. ರೊಟ್ಟಿ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವವನು ಅವನು. ಮಗ ಭೀಮಶಾ ಕಪನೂರಿನಲ್ಲೇ ವೆಲ್ಡಿಂಗ್ ಕೆಲಸದವನು. ಪಡಸಾಲೆಯ ಮಂಚದ ಮೇಲೆ ಅತ್ತೆ ಮಾಳಮ್ಮ. ಸೊಂಟ ಮುರಿದುಕೊಂಡು ಮೂರು ವರ್ಷವಾಗಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಬಾಯಿ ಮಾತ್ರ ಒಂದು ದಿನವೂ ಮಲಗಿದ್ದಿಲ್ಲ. ಅವಳನ್ನು ದಿನಕ್ಕೆ ನಾಲ್ಕು ಸಲ ಎತ್ತಿ ಬಚ್ಚಲಿಗೆ ಒಯ್ಯಬೇಕು. ಅದೂ ದುಂಡಮ್ಮನದೇ ಪಾಳಿ.

ಕ್ಯಾನ್ಸರ್ ಎಂದಾಗ ದುಂಡಮ್ಮನಿಗೆ ಅಂಜಿಕೆಯಾಗಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಚೀಲ ತೆಗೆದರೆ ಮುಗಿಯಿತು ಎಂದು ಯಮನಮ್ಮ ಬಿಡಿಸಿ ಹೇಳಿದ ಕೂಡಲೇ ಅಂಜಿಕೆಯ ಬೆನ್ನ ಹಿಂದೆ ಇನ್ನೊಂದು ವಿಚಾರ ಒಳಗೆ ನುಸುಳಿತು. ಮೂರು ತಿಂಗಳು ಕಮಲಾಪುರ! ಅವ್ವ ಸಣ್ಣಂದಿನಲ್ಲೇ ತೀರಿಹೋದದ್ದರಿಂದ ದುಂಡಮ್ಮನಿಗೆ ತವರಿನಲ್ಲಿ ಒಂದು ಬಾಣಂತನವೂ ಆಗಿರಲಿಲ್ಲ. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಎರಡು ರಾತ್ರಿಗಿಂತ ಹೆಚ್ಚು ಅಲ್ಲಿ ಉಳಿದವಳಲ್ಲ. ಇಂಥ ಬೇನೆಯಲ್ಲೂ ಇಂಥ ಆಸೆಯೇ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಆಸೆ ಹೋಗಲಿಲ್ಲ.

ಜಗತ್ ಸರ್ಕಲ್ಲಿನ ಹತ್ತಿರ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಡಾಕ್ಟರ್ ಮುಕುಂದರ ದವಾಖಾನೆ. ಪುಣೆಯಲ್ಲಿ ಕಲಿತು ಬಂದ ಸರ್ಜನ್. ಗಂಡ, ಮಗ, ಸೊಸೆ ಮೂವರೂ ದುಂಡಮ್ಮನ ಸಂಗಡ ಹೋದರು. ಡಾಕ್ಟರು ಹಾಳೆಯ ಮೇಲೆ ಚೀಲದ ಚಿತ್ರ ಬರೆದರು.

"ನೋಡ್ರಿ ಅಮ್ಮಾ, ಬೇನಿ ಇನ್ನೂ ಚೀಲದಾಗೇ ಅದ, ಹೊರಗ ಹಬ್ಬಿಲ್ಲ. ಚೀಲ ತೆಗೀಲಿಕ್ಕೆ ಎರಡು ದಾರಿ ಅವ. ಹೊಟ್ಟಿ ಕೊಯ್ದು ತೆಗೀಬಹುದು. ಇಲ್ಲಾ ದುರ್ಬೀನ್, ಅಂದ್ರ ಕ್ಯಾಮೆರಾದ ನಳಿಗಿ, ಹಾಕಿ ತೆಗೀಬಹುದು. ನಾಲ್ಕು ಸಣ್ಣ ತೂತು, ಅಷ್ಟೇ."

ದುರ್ಬೀನ್ ಎಂದ ಕೂಡಲೇ ಭಾಗಪ್ಪನ ಮುಖ ಅರಳಿತು. "ಅದು ನಮಗ ಗೊತ್ತದ ಬಿಡ್ರಿ ಸಾಹೇಬ್ರ. ಇಕಿದು ಮಕ್ಕಳಾಗದ ಆಪರೇಷನ್ ಆ ದುರ್ಬೀನಿನಾಗೇ ಆಗ್ಯಾದ, ಕ್ಯಾಂಪಿನಾಗ. ಮುಂಜಾನಿ ಹೋಗಿ ಸಂಜಿಗಿ ಮನಿಗಿ ಬಂದಿದ್ಳು."

"ಅದು ಬ್ಯಾರೆ, ಇದು ಬ್ಯಾರೆ ಯಜಮಾನ್ರ. ಅಲ್ಲಿ ಬರೇ ನಾಳ ಕಟ್ತಾರ. ಇಲ್ಲಿ ಇಡೀ ಚೀಲ ಬಿಡಿಸಿ ತೆಗೀಬೇಕು."

"ಎಲ್ಲಾ ಡಾಕ್ಟರೂ ಹಿಂಗೇ ಮಾಡ್ತಾರೇನ್ರಿ?" ಎಂದು ಭೀಮಶಾ ಕೇಳಿದ.

"ಸುಳ್ಳ್ಯಾಕ ಹೇಳ್ಲಿ, ಇಲ್ಲ. ದುರ್ಬೀನಿನಾಗ ಪಿತ್ತದ ಕಲ್ಲು ತೆಗ್ಯೋರು ಈ ಊರಾಗ ಸಿಗ್ತಾರ. ಚೀಲದ ಕ್ಯಾನ್ಸರಿಗೆ ದುರ್ಬೀನ್ ಹಿಡಿಯೋರು ಭಾಳ ಕಮ್ಮಿ. ದೊಡ್ಡ ಊರಾಗೂ ಹತ್ತು ಮಂದಿ ಸರ್ಜನ್ ಇದ್ರ ಒಬ್ರೋ ಇಬ್ರೋ. ಮಷೀನ್ ಬೇಕು, ಕೈ ಪಳಗಬೇಕು. ಉಳಿದವ್ರು ಕೊಯ್ದೇ ತೆಗೀತಾರ, ಅದೂ ತಪ್ಪಲ್ಲ. ಆದ್ರ ನಿಮ್ಮ ತಾಯಿಗೆ ಸಕ್ಕರಿ ಬೇನಿ ಅದ, ಮೈಯೂ ಭಾರ ಅದ. ದೊಡ್ಡ ಗಾಯ ಕೀವಾಗಿ ಬಿಚ್ಚಿಕೊಂಡ್ರ ತಿಂಗಳುಗಟ್ಟಲೆ ತಕಲೀಫ್. ಅದಕ್ಕ ಇವರಿಗೆ ದುರ್ಬೀನೇ ಚಲೋ ಅಂತೀನಿ. ರೊಕ್ಕ ಮಾತ್ರ ಸ್ವಲ್ಪ ಹೆಚ್ಚಾಗ್ತದ."

"ಮನಿಗಿ ಎಂದ ಕಳಸ್ತೀರಿ?" ಎಂದ ಭಾಗಪ್ಪ.

"ನಾಲ್ಕನೇ ದಿನ. ಆದ್ರ ಒಳಗಿನ ಗಾಯ ಎರಡರಾಗೂ ಒಂದೇ. ಆರು ವಾರ ಭಾರ ಎತ್ತಂಗಿಲ್ಲ."

ನಾಲ್ಕನೇ ದಿನ ಎಂಬಲ್ಲಿಗೆ ಗಂಡ ಮಗ ಇಬ್ಬರ ಕಿವಿಯೂ ಮುಚ್ಚಿತು. ಮುಂದಿನ ಮಾತನ್ನು ಕೇಳಿಸಿಕೊಂಡವಳು ದುಂಡಮ್ಮ. ಮೆಟ್ಟಿಲಿಳಿಯುವಾಗ ಅವಳಿಗೆ ಆ ಹಳೆಯ ಕ್ಯಾಂಪು ನೆನಪಾಯಿತು. ಶಾಲೆಯ ನೆಲದ ಮೇಲೆ ಸಾಲಾಗಿ ಮಲಗಿಸಿದ್ದರು, ಒಂದು ಕಂಬಳಿ ಕೊಟ್ಟು ಟೆಂಪೋ ಹತ್ತಿಸಿದ್ದರು. ಮರುದಿನ ಮುಂಜಾನೆ ಎರಡು ತಿಂಗಳ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ರೊಟ್ಟಿ ಬಡಿದಿದ್ದಳು. "ಚುಚ್ಚ್ಯಾರ ಅಷ್ಟೇ, ಕೊಯ್ದಿಲ್ಲಲ್ಲ," ಎಂದಿದ್ದಳು ಮಾಳಮ್ಮ.

ಅವತ್ತು ಸಂಜೆ ಊಟಕ್ಕೆ ಪುಂಡಿಪಲ್ಯ, ಶೇಂಗಾ ಹಿಂಡಿ. ಎಲ್ಲರಿಗೂ ಬಡಿಸಿ, ಮಾಳಮ್ಮನ ತಾಟಿನಲ್ಲಿ ರೊಟ್ಟಿ ಮುರಿದು ಪಲ್ಯದಲ್ಲಿ ನೆನೆಹಾಕಿಕೊಡುತ್ತಾ ದುಂಡಮ್ಮ ಹೇಳಿದಳು:

"ನನಗ ಹೊಟ್ಟಿ ಕೊಯ್ದೇ ಮಾಡಸ್ರಿ."

ಭೀಮಶಾನ ಕೈ ತಾಟಿನಲ್ಲೇ ನಿಂತಿತು. "ಹುಚ್ಚ ಹಿಡೀತೇನ್ ಯವ್ವಾ? ರೊಕ್ಕ ಹೆಚ್ಚಾದ್ರೂ ಚಿಂತಿಲ್ಲ, ದುರ್ಬೀನೇ ಮಾಡ್ರಿ ಅಂತ ನಾ ಹೇಳಿ ಬಂದೀನಿ."

"ಕಣ್ಣಿಲೆ ಕಂಡು ಕೊಯ್ದ್ರ ಬೇನಿ ಪೂರಾ ಹೋಗ್ತದ. ತೂತಿನಾಗ ಏನ್ ಕಾಣ್ತದ?"

"ಟೀವಿನಾಗ ಹತ್ತು ಪಟ್ಟು ದೊಡ್ಡದಾಗಿ ಕಾಣ್ತದಂತ ಅತ್ತಿ. ಡಾಕ್ಟರು ಹೇಳಿದ್ರಲ್ಲ," ಎಂದಳು ಯಮನಮ್ಮ.

ಮಂಚದ ಮೇಲಿಂದ ಮಾಳಮ್ಮ, "ತೂತಿನಾಗಿಂದ ಅಷ್ಟು ದೊಡ್ಡ ಚೀಲ ಹ್ಯಾಂಗ ಹೊರಗ ಬರ್ತದ ಭೀಮ್ಯಾ?" ಎಂದಳು.

"ಕೂಸು ಬರೋ ದಾರಿಲೇ ತೆಗೀತಾರಂತ ಆಯೀ," ಯಮನಮ್ಮನೇ ಉತ್ತರ ಕೊಟ್ಟಳು.

"ಥೂ! ಉಣ್ಣಾಗ ಏನ್ ಮಾತಾಡ್ತಾಳ ನೋಡು!" ಕೇಳಿದವಳು ತಾನೇ ಎಂಬುದು ಮುದುಕಿಗೆ ಮರೆತೇ ಹೋಗಿತ್ತು.

ಯಮನಮ್ಮ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣು ಬಲು ಚುರುಕು. "ಅತ್ತಿ, ಬೇನಿ ಮಾತಲ್ಲ ಇದು. ನಿಮಗ ಮೂರು ತಿಂಗಳ ತವರು ಬೇಕಾಗ್ಯಾದ."



"ಹೌದು, ಬೇಕಾಗ್ಯಾದ," ಎಂದಳು ದುಂಡಮ್ಮ. "ತಪ್ಪೇನದ?"

"ಮೂರು ತಿಂಗಳಾ!" ಮಾಳಮ್ಮ ಕೂಗಿದಳು. "ನನಗ ಬಚ್ಚಲಕ್ಕ ಯಾರು ಒಯ್ಯೋರು? ಈ ಅಂಗನವಾಡಿ ಬಾಯಿಯೋರು ಒಯ್ತಾರೇನು?"

"ನಾ ಕೆಲಸ ಬಿಡಂಗಿಲ್ಲ," ಯಮನಮ್ಮ ಕಡ್ಡಿ ಮುರಿದಂತೆ ಹೇಳಿದಳು. "ಆರು ವರ್ಷ ಓಡಾಡಿ ಸಿಕ್ಕ ಕೆಲಸ. ಮೂರು ತಿಂಗಳು ಮನ್ಯಾಗ ಕುಂತ್ರ ಬ್ಯಾರೆಯವ್ರನ್ನ ತಂದು ಕೂಡಸ್ತಾರ. ಯಾರೇನಾರ ಅನ್ರಿ."

"ಮರೆಪ್ಪ ಕಾಯೋ ಮನಶ್ಯಾ ಅಲ್ಲ," ಎಂದ ಭಾಗಪ್ಪ ತಾಟಿನೊಳಗೆ ನೋಡುತ್ತಾ. "ಹದಿನೈದು ದಿನ ರೊಟ್ಟಿ ನಿಂತ್ರ ಇನ್ನೊಬ್ಬಾಕಿನ್ನ ಹಿಡೀತಾನ."

"ನಾಲ್ಕು ದಿನದಾಗ ಆಗೋದಕ್ಕ ಮೂರು ತಿಂಗಳು ಯಾಕ ಬೇಕು?" ಭೀಮಶಾ ತಾಟು ಸರಿಸಿ ಎದ್ದ. "ನಿನ್ನ ಸಲುವಾಗೇ ಒದ್ದಾಡಾಕತ್ತೀನಿ ಯವ್ವಾ. ಗಾಯ ಕೀವಾಗಿ ಸತ್ರ ಓಣ್ಯಾಗಿನ ಮಂದಿ ನನ್ನ ಬಾಯಾಗ ಮಣ್ಣ ಹಾಕ್ತಾರ."

ಒಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಅದೇ ದುಂಡಮ್ಮನ ಗತಿ. ಜಗಳವಾಡಿ ಗೆಲ್ಲೋಣವೆಂದರೆ ಎದುರಿಗೆ ಕೆಟ್ಟವರೊಬ್ಬರೂ ಇಲ್ಲ. ಅವಳು ಎಲ್ಲರ ತಾಟು ಎತ್ತಿ ಬಚ್ಚಲಿಗೆ ಒಯ್ದು ತಿಕ್ಕುತ್ತಾ ಕುಳಿತಳು.

ಅದರ ಮರುವಾರ, ತಮ್ಮನಿಗೆ ಸುದ್ದಿ ಹೇಳಿ ಬರುತ್ತೇನೆಂದು ಅವಳೊಬ್ಬಳೇ ಕಮಲಾಪುರದ ಬಸ್ಸು ಹತ್ತಿದಳು. ತಮ್ಮ ಚಂದ್ರಾಮಪ್ಪ ಬಾಳೆತೋಟದಿಂದ ಓಡಿಬಂದ. ಕ್ಯಾನ್ಸರ್ ಎಂದು ಕೇಳಿ ಅಕ್ಕನ ಕೈಹಿಡಿದುಕೊಂಡು ಅತ್ತೇಬಿಟ್ಟ.

"ಚೀಲ ತೆಗೀತಾರಂತ," ಎಂದಳು ದುಂಡಮ್ಮ. ದುರ್ಬೀನಿನ ಮಾತನ್ನು ಮಾತ್ರ ನಾಲಿಗೆ ಮೇಲೆ ತರಲಿಲ್ಲ.

"ತೆಗೀಲಿ ಯಕ್ಕಾ. ಆರನೇ ದಿನಕ್ಕ ನಾ ಜೀಪ್ ತಗೊಂಡು ಬರ್ತೀನಿ. ಮೂರು ತಿಂಗಳು ಇಲ್ಲೇ. ನಿಮ್ಮತ್ತಿ ಏನಾರ ಅಂದ್ರ ನನಗ ಬಿಡು."

ಅವನ ಹೆಂಡತಿ ಆಗಲೇ ಒಳಕೋಣೆಯ ಕಿಟಕಿಗೆ ಮಂಚ ಎಳೆದು, ಹೊಸ ಚಾದರ ಹಾಸಿ, "ಇದು ನಿಮ್ಮ ಜಾಗ, ನೋಡ್ಕೋರಿ," ಎಂದು ತೋರಿಸಿದಳು. ದುಂಡಮ್ಮ ಸುಮ್ಮನೆ ನೋಡಲೆಂದು ಅಡ್ಡಾದಳು. ನಡುಮಧ್ಯಾಹ್ನ ಎರಡು ತಾಸು ಮಲಗಿಬಿಟ್ಟಳು. ಯಾರೂ ಕೂಗಲಿಲ್ಲ, ಯಾರೂ ಎತ್ತು ಎನ್ನಲಿಲ್ಲ, ಹಿಟ್ಟು ಮುಗಿಯಿತು ಎನ್ನಲಿಲ್ಲ. ಎದ್ದಾಗ ದಿಂಬು ತೊಯ್ದಿತ್ತು. ಇದೇನು ಚಂದ, ಬೇನೆಗೆ ಅಳದವಳು ಸುಖಕ್ಕೆ ಅಳುತ್ತೇನಲ್ಲ ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ತಿರುಗಿ ಬರುವಾಗ ಧೈರ್ಯ ಮಾಡಿ ಜಗತ್ ಸರ್ಕಲ್ಲಿಗೆ ಹೋಗಿ ಒಬ್ಬಳೇ ಮಹಡಿ ಹತ್ತಿದಳು. ಡಾಕ್ಟರು ಊಟಕ್ಕೆ ಏಳುವ ಹೊತ್ತು.

"ಸಾಹೇಬ್ರ, ನನಗ ಕೊಯ್ದೇ ಮಾಡ್ರಿ. ನಿಮಗ ಕೈ ಮುಗೀತೀನಿ."

"ಯಾಕಮ್ಮ? ಯಾರಾದ್ರೂ ಅಂಜಿಸ್ಯಾರೇನು?"

"ಇಲ್ರಿ."

"ಮತ್ತ? ಕೊಯ್ದ್ರ ನಿಮಗ ಎದ್ದು ಓಡಾಡ್ಲಿಕ್ಕೆ ತಿಂಗಳುಗಟ್ಟಲೆ ಬೇಕು."

"ಅದಕ್ಕೇ ಅಂತೀನ್ರಿ. ಸಣ್ಣ ತೂತಿಗಿ ಮನ್ಯಾಗ ಯಾರು ರಜಾ ಕೊಡ್ತಾರ್ರಿ?"

ಡಾಕ್ಟರು ಮನಸಾರೆ ನಕ್ಕರು. ಮುದುಕಿ ಭಾರೀ ಚೇಷ್ಟೆಯವಳು ಎಂದುಕೊಂಡಿರಬೇಕು. ಒಳ್ಳೆಯ ಮನುಷ್ಯ, ಆದರೆ ಅವರ ಮನೆಯಲ್ಲಿ ಅರವತ್ತು ರೊಟ್ಟಿ ಯಾರೂ ಬಡಿಯುತ್ತಿರಲಿಲ್ಲವಲ್ಲ. "ರಜಾ ನಾ ಕೊಡ್ತೀನಿ ತಗೋರಿ. ಆರು ವಾರ ರೆಸ್ಟ್ ಅಂತ ಬರದೇ ಕಳಸ್ತೀನಿ. ನಿಮ್ಮ ಮಗ ಹೆಚ್ಚಿನ ಖರ್ಚಿಗೆ ಹಿಂದ ಮುಂದ ನೋಡಲಿಲ್ಲ. ಇಂಥ ಮಗ ಎಷ್ಟು ಮಂದಿಗಿ ಇರ್ತಾನ?"

ದುಂಡಮ್ಮ ಮೆಟ್ಟಿಲಿಳಿದು ಬಂದಳು.

ಆಪರೇಷನ್ ಗುರುವಾರ ಆಯಿತು. ಹೂವೆತ್ತಿದಂತೆ ಆಯಿತು ಎಂದು ಡಾಕ್ಟರು ಹೊರಗೆ ಬಂದು ಹೇಳಿದರು. ನಿಜವೂ ಹೌದು. ಮರುದಿನವೇ ಅವಳು ಎದ್ದು ಕುಳಿತಳು, ನಾಲ್ಕನೇ ದಿನ ಆಟೋದಲ್ಲಿ ಮನೆಗೆ ಬಂದಳು. ಆರು ವಾರ ರೆಸ್ಟ್ ಎಂದು ಬರೆದ ಇಂಗ್ಲಿಷ್ ಕಾಗದವನ್ನು ಭೀಮಶಾ ಎಲ್ಲ ರಿಪೋರ್ಟುಗಳ ಜತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗೋಡೆಯ ಮೊಳೆಗೆ ತೂಗುಹಾಕಿದ.

ಓಣಿಯ ಹೆಣ್ಣುಮಕ್ಕಳು ನೋಡಲು ಬಂದರು. ಎಲ್ಲರ ಮುಂದೆ ಪಾರ್ವತೀಬಾಯಿ. "ತೋರಿಸ್ರಿ ನೋಡೋಣ," ಎಂದು ತಾನೇ ಸೆರಗು ಸರಿಸಿದಳು. ಹೊಕ್ಕುಳ ಹತ್ತಿರ ಒಂದು, ಪಕ್ಕಕ್ಕೆ ಮೂರು, ರೂಪಾಯಿ ಬಿಲ್ಲೆಯಷ್ಟು ಪಟ್ಟಿಗಳು.

"ಅಗಬಾಯಿ! ಇಷ್ಟೇನಾ?"

"ಒಳಗ ಕೊಯ್ದಾರ್ರಿ ಬಾಯಿ."

"ಒಳಗಿಂದು ಯಾರಿಗೆ ಕಾಣಸ್ತದ? ನನ್ನ ಕಾಲಕ್ಕ ಇದು ಇದ್ದಿದ್ದಿಲ್ಲ ನೋಡ್ರಿ. ಪುಣ್ಯವಂತರು ನೀವು."

ಬಂದವರೆಲ್ಲ ಪುಣ್ಯವಂತೆ ಎಂದರು, ಚಹಾ ಕುಡಿದರು, ಹತ್ತು ನಿಮಿಷಕ್ಕೆ ಎದ್ದು ಹೋದರು. ಮಗನನ್ನು ಹೊಗಳಿದರು. ಮಾಳಮ್ಮ ಮಂಚದ ಮೇಲಿಂದ, "ಕ್ಯಾಂಪಿಗೆ ಹೋಗಿ ಬಂದಂಗೇ ಆತು ಬಿಡು," ಎಂದು ಷರಾ ಹಾಕಿದಳು.

ಆರನೇ ದಿನ ಹತ್ತು ಗಂಟೆಗೆ ಚಂದ್ರಾಮಪ್ಪ ಹೇಳಿದಂತೆಯೇ ಜೀಪು ತಂದ. ಹಿಂದಿನ ಸೀಟಿಗೆ ಗಾದಿ ಹಾಸಿದ್ದ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ಗೊನೆ. ಯಮನಮ್ಮ ಅಂಗನವಾಡಿಗೆ ಹೋಗಿದ್ದಳು, ಗಂಡಸರು ಕಪನೂರಿಗೆ. ದುಂಡಮ್ಮ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ತಮ್ಮನ ದನಿ ಕೇಳಿದ್ದೇ ಎದ್ದಳು. ಎದ್ದವಳು ತಂಬಿಗೆ ನೀರು ಕೊಟ್ಟಳು. ಬಿಸಿಲಲ್ಲಿ ಬಂದಿದ್ದಾನೆ, ಬರೀ ನೀರೇ ಎಂದು ಸ್ಟೋವ್ ಹಚ್ಚಿ ಚಹಾಕ್ಕಿಟ್ಟಳು. ಮೂವತ್ತನಾಲ್ಕು ವರ್ಷದ ರೂಢಿ, ಕೈ ಅವಳನ್ನು ಕೇಳುತ್ತದೆಯೇ? ಬಸಿಯಲ್ಲಿ ಚಹಾ ಹಿಡಿದು ತಮ್ಮನ ಎದುರು ನಿಂತಾಗಲೇ ಅವಳಿಗೆ ತಾನೇನು ಮಾಡಿದೆ ಎಂಬುದು ಹೊಳೆದದ್ದು.

ಚಂದ್ರಾಮಪ್ಪ ಅವಳನ್ನು ಕೆಳಗಿನಿಂದ ಮೇಲೆ ನೋಡಿದ. "ಯಕ್ಕಾ! ನೀ ನಿಂತು ಚಹಾ ಮಾಡಿದ್ಯಾ?"

"ದುರ್ಬೀನ್ ಆಪರೇಷನ್ನೋ ತಮ್ಮಾ," ಮಾಳಮ್ಮನಿಗೆ ಎಲ್ಲಿಲ್ಲದ ಉಮೇದಿ ಬಂತು. "ನಾಲ್ಕು ಚುಚ್ಚು, ಅಷ್ಟೇ. ಹೊಟ್ಟಿಗಿ ಕತ್ತಿನೇ ತಾಕಿಲ್ಲ."

"ಮೊದಲೇ ಹೇಳಬಾರದೇನ್ ಯಕ್ಕಾ? ಹದಿನೈದು ದಿನ ನಿದ್ದಿ ಮಾಡಿಲ್ಲ ನಾ." ಅವನ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಪಾಪ, ಅವನಿಗೆ ಅಕ್ಕ ಉಳಿದಳಲ್ಲ ಎಂಬ ಸಂತೋಷ.

"ಚಂದ್ರಾಮ, ಜೀಪ್ ತಂದೀಯಲ್ಲ..." ಎಂದಳು ದುಂಡಮ್ಮ.

"ಜೀಪ್ ಏನ್ ಬಿಡು, ನಮ್ಮ ಗೆಳ್ಯಾಂದು.  ನೀ ಅರಾಮ ಆದೀ, ಅಷ್ಟು ಸಾಕು. ಈ ಮುದುಕಿನ್ನ ಬಿಟ್ಟು ಹ್ಯಾಂಗ ಬರ್ತಿ ಈಗ? ಪಂಚಮಿ ಹಬ್ಬಕ್ಕ ಬಾ, ಎರಡು ದಿನ ಇದ್ದು ಹೋಗು."

ಕರಕೊಂಡು ಹೋಗೋ ಎಂದು ಅವಳು ಬಾಯಿಬಿಟ್ಟು ಕೇಳುವವಳಿದ್ದಳು. ಅಷ್ಟರಲ್ಲಿ ಮಾಳಮ್ಮ, "ದುಂಡೀ, ಬಚ್ಚಲಕ್ಕ ಬಂದಾದ," ಎಂದಳು. ಆ ದಿನ ಎತ್ತಿ ಒಯ್ದವನು ಚಂದ್ರಾಮಪ್ಪ. ಒಯ್ದು, ಕೈ ತೊಳೆದುಕೊಂಡು, ಗಾದಿ ಹಾಸಿದ ಜೀಪು ಹತ್ತಿ ಹೊರಟುಹೋದ. ದುಂಡಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಆ ಚಹಾಕ್ಕೆ ಬೆಂಕಿ ಬೀಳಲಿ ಎಂದು ತನ್ನನ್ನೇ ಬೈದುಕೊಂಡಳು.

ಒಂಬತ್ತನೇ ದಿನ, "ನಾಕೇ ರೊಟ್ಟಿ ಬಡೀತೀಯೇನು, ಹೋಟೆಲಿನ ರೊಟ್ಟಿ ಅವ್ವಗ ಕಡ್ಯಾಕ ಆಗವಲ್ದು," ಎಂದ ಭಾಗಪ್ಪ. ನಾಲ್ಕು ಹೋಗಿ ಹತ್ತಾಯಿತು. ಮೂರನೇ ವಾರಕ್ಕೆ ಸೈಕಲ್ಲಿನ ಹಿಂದೆ ಅರವತ್ತು ರೊಟ್ಟಿಯ ಗಂಟು ಮೊದಲಿನಂತೆ ಕುಳಿತುಕೊಂಡಿತು. ಮಾಳಮ್ಮನನ್ನು ಎತ್ತಲು ಶುರು ಮಾಡಿದ್ದು ಹನ್ನೆರಡನೇ ದಿನ; ಅಲ್ಲಿಯ ತನಕ ಓಣಿಯವರು ಯಾರಾದರೂ ಬಂದು ಕೈಹಚ್ಚುತ್ತಿದ್ದರು. ಒಳಗೆ ಎಲ್ಲೋ ಎಳೆದಂತಾಯಿತು, ಸಂಜೆ ಬಟ್ಟೆಗೆ ಕಲೆ ಕಂಡಿತು. ಯಮನಮ್ಮ ನೋಡಿ ಹೌಹಾರಿದಳು.

"ಎತ್ತಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ದಿಲ್ಲೇನ್ ಅತ್ತಿ?"

"ಮತ್ತ ನೀ ಎತ್ತು."

"ನನಗ ಹೇಳ್ತೀರಿ. ನಿಮ್ಮ ಮಗನಿಗಿ ಹೇಳ್ರಿ!"

"ಅವ ಗಂಡಸು. ಮುದುಕಿನ್ನ ಬಚ್ಚಲಕ್ಕ ಒಯ್ದು ತೊಳೀತಾನೇನು?"

ಬೈದುಕೊಂಡೇ ಯಮನಮ್ಮ ಎತ್ತಿದಳು, ಅದನ್ನು ಒಪ್ಪಬೇಕು. ಐದು ದಿನ ಮುಂಜಾನೆ ಮುದುಕಿಯ ಸ್ನಾನ, ಬಟ್ಟೆ ಎಲ್ಲ ಮುಗಿಸಿ ಓಡಿದಳು. ಆರನೇ ದಿನ ಮೇಲಿನ ಮೇಡಂ ಬಂದು, ತಡವಾಗಿ ಬರುತ್ತೀಯೆಂದು ಮಕ್ಕಳ ತಾಯಂದಿರ ಎದುರೇ ಉಗಿದಳು. ಮನೆಗೆ ಬಂದು ಯಮನಮ್ಮ ಮೂಲೆಯಲ್ಲಿ ಕುಳಿತು ಅತ್ತಳು. ಮರುದಿನ ದುಂಡಮ್ಮ ಏನೂ ಹೇಳದೆ ತಾನೇ ಮಾಳಮ್ಮನ ಕಂಕುಳಿಗೆ ಕೈ ಹಾಕಿದಳು.

ನಾಲ್ಕನೇ ವಾರ ದೊಡ್ಡ ರಿಪೋರ್ಟು ಬಂತು. ಬೇನೆ ಪೂರಾ ಹೋಗಿದೆ, ಕಿರಣದ ಲೈಟು ಕೊಡುವುದೂ ಬೇಡ, ಔಷಧಿಯೂ ಬೇಡ. ಭೀಮಶಾ ಜಿಲೇಬಿ ತಂದು ಓಣಿಗೆಲ್ಲ ಹಂಚಿದ. ದುಂಡಮ್ಮ ಒಲೆಯ ಮುಂದೆ ಕುಳಿತು ಬಿಕ್ಕಿಬಿಕ್ಕಿ ಅತ್ತಳು. ಬದುಕಿದೆನಲ್ಲ ಎಂಬ ಸಮಾಧಾನ ಅದರಲ್ಲಿ ಇರಲಿಲ್ಲವೆಂದಲ್ಲ. ಆದರೆ ಇನ್ನು ಈ ಮನೆಯಿಂದ ಒಂದು ದಿನ ಹೊರಗೆ ಹೋಗಲು ಯಾವ ನೆಪವೂ ಉಳಿಯಲಿಲ್ಲ ಎಂಬುದು ಅವಳಿಗೆ ಅವತ್ತೇ ಖಾತ್ರಿಯಾದದ್ದು. "ಖುಷಿಗೆ ಅಳಾಕತ್ತಾಳ," ಎಂದು ಭಾಗಪ್ಪ ಜಿಲೇಬಿ ಅವಳ ಬಾಯಿಗೇ ಇಟ್ಟ.

ಆರು ವಾರಕ್ಕೆ ಒಮ್ಮೆ ತೋರಿಸಬೇಕಿತ್ತು. ರಜೆಯ ದಿನ ನೋಡಿ ಯಮನಮ್ಮ ಕರೆದುಕೊಂಡು ಹೋದಳು. ಡಾಕ್ಟರು ನಾಲ್ಕು ಗುರುತು ನೋಡಿ ತಾವು ಮಾಡಿದ್ದಕ್ಕೆ ತಾವೇ ಖುಷಿಪಟ್ಟರು. ಯಮನಮ್ಮ ಗುಳಿಗೆ ತರಲು ಕೆಳಗಿಳಿದಾಗ ಕುರ್ಚಿ ಎಳೆದುಕೊಂಡು ಹೇಳಿದರು:

"ಅಮ್ಮಾ, ನಿಮ್ಮಿಂದ ಒಂದು ಕೆಲಸ ಆಗಬೇಕು. ಈ ತಿಂಗಳು ಮೂರು ಮಂದಿ ಹೆಣ್ಣುಮಕ್ಕಳಿಗೆ ದುರ್ಬೀನ್ ಅಂತ ಹೇಳ್ದೆ. ಮೂರೂ ಮಂದಿ ಬ್ಯಾಡ ಅಂದು ಕೊಯ್ಯೋರ ಕಡೆ ಹೋದ್ರು. ಅಂಜಿಕೇನೋ ಏನೋ, ನನಗ ತಿಳೀವಲ್ದು. ನಾಲ್ಕನೇಯಾಕಿ ಒಳಗ ಕೂತಾಳ. ನಿಮ್ಮಂಗೇ ಸಕ್ಕರಿ ಬೇನಿ. ನೀವು ಜರಾ ಹೇಳ್ರಿ."

ಅವರು ಯಾಕೆ ಹೋದರೆಂಬುದು ದುಂಡಮ್ಮನಿಗೆ ಗೊತ್ತಿತ್ತು. ಒಮ್ಮೆ ಹೇಳಿಯೂ ಇದ್ದಳು, ಆಗ ಇವರು ನಕ್ಕಿದ್ದರು. ಮತ್ತೆ ಹೇಳುವ ಮನಸ್ಸಾಗಲಿಲ್ಲ. ಪರದೆ ಸರಿಸಿ ಒಳಗೆ ಹೋದಳು.

ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದವಳ ಹೆಸರು ಜುಬೇದಾ. ಐವತ್ತರ ಹತ್ತಿರ, ಕೈಯಲ್ಲಿ ಬೀಡಿ ಕಟ್ಟಿದ ಹಳದಿ ಕಲೆ. ಗಂಡ, ನಾದಿನಿ ಹೊರಗಿದ್ದರು.

"ನೋವು ಭಾಳ ಇರ್ತದೇನ್ ಅಕ್ಕಾ?"

"ಇಲ್ಲವ್ವ. ದೇವರಾಣಿ ಇಲ್ಲ. ದುರ್ಬೀನೇ ಮಾಡಿಸ್ಕೋ. ಬೇನಿ ಪೂರಾ ಹೋಗ್ತದ, ನಂದು ಹೋಗ್ಯಾದ."

ಜುಬೇದಾ ಬಾಗಿಲ ಕಡೆ ನೋಡಿದಳು. "ನಾಲ್ಕೇ ದಿನಕ್ಕ ಮನಿಗಿ ಬರ್ತಾಳಂತ ಅವರಿಗೆಲ್ಲ ಖುಷಿ ಆಗ್ಯಾದ. ನನಗ ಅದೇ ಫಿಕರ್ ಆಗ್ಯಾದ ಅಕ್ಕಾ. ಮನ್ಯಾಗ ಒಂಬತ್ತು ಮಂದಿ."

ದುಂಡಮ್ಮ ಅವಳ ಮಗ್ಗುಲಲ್ಲಿ ಕುಳಿತು ದನಿ ತಗ್ಗಿಸಿದಳು. "ಇಲ್ಲಿ ಕೇಳು. ಮನಿಗಿ ಹೋಗಾಕಿಂತ ಮೊದಲ ನಾಲ್ಕು ಮೊಳ ಬಿಳೀ ಬಟ್ಟಿ ತಗೊಂಡು ಎದಿ ಕೆಳಗಿಂದ ನಡದ ತನಕ ಗಚ್ಚಗೆ ಸುತ್ಕೋ. ದುರ್ಬೀನ್ ಸಾಗಲಿಲ್ಲ, ಕಡೀಕ ಕೊಯ್ದ್ರು ಅಂತ ಹೇಳು. ಒಮ್ಮೊಮ್ಮೆ ಹಂಗೂ ಆಗ್ತದಂತ ಡಾಕ್ಟರೇ ಹೇಳ್ತಾರ. ಯಾರರ ತೋರಿಸು ಅಂದ್ರ, ಗಾಳಿ ತಾಕಬಾರದಂತ ಅನ್ನು. ಮೂರು ತಿಂಗಳು ಬಿಚ್ಚಬ್ಯಾಡ. ಮತ್ತ, ಮನಿಗಿ ಯಾರೇ ಬರ್ಲಿ, ಎದ್ದು ಚಹಾ ಮಾಡಬ್ಯಾಡ ನನ್ನವ್ವ."

ಜುಬೇದಾ ಅವಳ ಮುಖ ನೋಡಿದಳು. "ನೀವೂ ಹಂಗೇ ಮಾಡಿದ್ರೇನು?"

"ನನಗ ಹೇಳೋರು ಯಾರೂ ಇದ್ದಿಲ್ಲ."

ಎದ್ದು ತಿರುಗಿದರೆ ಪರದೆಯ ಹತ್ತಿರ ಯಮನಮ್ಮ ಗುಳಿಗೆಯ ಪೊಟ್ಟಣ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಶಿವನೇ ಬಲ್ಲ.  ಇನ್ನು ಇದು ಮಗನ ಕಿವಿಗೆ ಬೀಳುತ್ತದೆ, ಅತ್ತೆಯ ಕಿವಿಗೆ ಬೀಳುತ್ತದೆ, ಓಣಿಗೆಲ್ಲ ಹಬ್ಬುತ್ತದೆ. ಹೊರಗೆ ಡಾಕ್ಟರು, "ಏನಂದ್ಲು?" ಎಂದರು. "ದುರ್ಬೀನೇ ಮಾಡಿಸ್ಕೋತಾಳಂತ್ರಿ," ಎಂದಳು. ಅವರು ಕೈಮುಗಿದರು.

ಜಗತ್ ಸರ್ಕಲ್ಲಿನಲ್ಲಿ ಆಟೋ ಹತ್ತಿದರು. ಅರ್ಧ ದಾರಿ ಮುಗಿದ ಮೇಲೆ ಯಮನಮ್ಮ ಹೊರಗೆ ನೋಡುತ್ತಲೇ ಕೇಳಿದಳು:

"ಅತ್ತಿ, ನಾಳಿ ನನಗೇನಾರ ಹಿಂಗಾದ್ರ ಆ ಬಟ್ಟಿ ನೀವೇ ಸುತ್ತತೀರೇನು?"

ದುಂಡಮ್ಮ ತಟ್ಟನೆ ಸೊಸೆಯ ಕಡೆ ತಿರುಗಿದಳು. ತಮಾಷೆಗೆ ಕೇಳಿದ್ದಲ್ಲ. ಹೂಂ ಎನ್ನಬೇಕೆಂದು ಅವಳಿಗೆ ಎಷ್ಟೋ ಅನಿಸಿತು. ಆದರೆ ಹೊಟ್ಟೆಯಲ್ಲಿದ್ದ ಮಾತೇ ಬಾಯಿಗೆ ಬಂತು.

"ಅಷ್ಟೊತ್ತಿಗಿ ಆ ಮಂಚದ ಮ್ಯಾಲ ನಾ ಇರ್ತೀನಿ ಯಮನವ್ವ. ಮೂರು ತಿಂಗಳಾ, ನನಗ ಬಚ್ಚಲಕ್ಕ ಯಾರು ಒಯ್ಯೋರು ಅಂತ ಕೇಳಾಕಿ ನಾನೇ."

ಯಮನಮ್ಮ ಅತ್ತೆಯ ಕೈಯಲ್ಲಿದ್ದ ರಿಪೋರ್ಟುಗಳ ಚೀಲವನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಆಟೋ ಕೋಟನೂರಿನ ಕಡೆ ತಿರುಗಿತು.